ಠಾಣೆಗೆ ಹೋದ ಮೊದಲ ಪ್ರತಿ

ಮಗು ಬಾಟಲಿ ಹಿಡಿಯುತ್ತಿರಲಿಲ್ಲ. ಒಂದು ವಾರದಿಂದ ಟಕಟಕಿಯ ತಲೆ ತಿನ್ನುತ್ತಿದ್ದ ಚಿಂತೆ ಇದೊಂದೇ. ಹಾಲು ಬಿಸಿಯಾಯಿತೆಂದು ಆರಿಸಿದಳು, ತಣ್ಣಗಾಯಿತೆಂದು ಮತ್ತೆ ಬಿಸಿ ಮಾಡಿದಳು. ನಿಪ್ಪಲ್ಲಿನ ತೂತು ಚಿಕ್ಕದಾಯಿತೆಂದು ಸೂಜಿ ಕಾಯಿಸಿ ಚುಚ್ಚಿದಳು, ದೊಡ್ಡದಾಗಿ ಹಾಲು ಮಗುವಿನ ನೆತ್ತಿಗೆ ಹತ್ತೀತೆಂದು ಹೆದರಿ ಹೊಸದು ತರಿಸಿದಳು. ಎಂಟು ತಿಂಗಳ ಕೂಸು ತುಟಿ ಬಿಗಿದುಕೊಂಡು, ಬಾಟಲಿಯನ್ನು ಕೈಯಿಂದ ಆಚೆ ತಳ್ಳಿ, ತಾಯಿಯ ಅಂಗಿಯ ಗುಂಡಿಗೇ ಕೈ ಹಾಕುತ್ತಿತ್ತು.

"ಎದೆಹಾಲು ಧಾರಾಳವಾಗಿರೋವಾಗ ಇದೆಲ್ಲ ಯಾಕಮ್ಮಾ? ಅದಕ್ಕೂ ಹಿಂಸೆ, ನಿಂಗೂ ಹಿಂಸೆ" ಎಂದರು ಅತ್ತೆ.

"ಇರ್ಲಿ ಅತ್ತೆ. ಅಭ್ಯಾಸ ಆಗ್ಲಿ."

"ಯಾತಕ್ಕೆ ಅಭ್ಯಾಸ? ನೀನೇನು ಎಲ್ಲಿಗಾದ್ರೂ ಹೊರಟಿದೀಯಾ? ಗೇಟು ದಾಟೋ ಹಾಗಿಲ್ಲ ನೀನು!"

ಅತ್ತೆ ತಮಾಷೆಗೆ ಹೇಳಿದ್ದು. ಟಕಟಕಿ ನಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಬಳಿಗೆ ಹೋಗಿ, ಅದರ ಬೆನ್ನ ಮೇಲೆ ಎರಡೂ ಕೈಗಳ ಬೆರಳಾಡಿಸತೊಡಗಿದಳು. ಬೇರೆ ತಾಯಂದಿರು ಮಗುವಿನ ಬೆನ್ನು ತಟ್ಟುತ್ತಾರೆ. ಇವಳು ಟೈಪ್ ಮಾಡುತ್ತಿದ್ದಳು.

ಆ ಹೆಸರು ಬಂದದ್ದೂ ಅದರಿಂದಲೇ. ಅವಳು ಹುಟ್ಟಿದ್ದು ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ. ಅಪ್ಪ ಗಂಟೆ ಹೊಡೆಯುವವನು, ಬೆಂಚು ಒರೆಸುವವನು, ಮೇಣದಬತ್ತಿ ಹಚ್ಚುವವನು, ಯಾರಾದರೂ ತೀರಿಕೊಂಡರೆ ಗುಂಡಿ ತೋಡುವವನೂ ಅವನೇ. ತಾಯಿ ಇಲ್ಲದ ಹುಡುಗಿ ಚರ್ಚಿನ ಕಚೇರಿಯಲ್ಲೇ ಬೆಳೆಯಿತು. ಆರನೇ ವಯಸ್ಸಿಗೆ ಪಾದ್ರಿಗಳ ಹಳೇ ಟೈಪ್‌ರೈಟರನ್ನು ಕುಟ್ಟಿ ಬೈಸಿಕೊಂಡವಳು, ಹದಿನಾರಕ್ಕೆ ಅದೇ ಮೇಜಿನ ಮುಂದೆ ಕೆಲಸಕ್ಕೆ ಕುಳಿತಳು. ಬೀದಿಯಲ್ಲಿ ಹೋಗುವವರಿಗೆ ಕಚೇರಿಯ ಕಿಟಕಿಯಿಂದ ಆ ಸದ್ದು ಕೇಳಿಸುತ್ತಿತ್ತು. "ಟಕಟಕಿ ಬಂದ್ಳು, ಒಂಬತ್ತು ಗಂಟೆ ಆಯ್ತು" ಎಂದು ಎದುರಂಗಡಿಯ ಚಮ್ಮಾರ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದನಂತೆ. ಸಮಯಕ್ಕೆ ಸರಿಯಾಗಿರುವುದೆಂದರೆ ಅವಳಿಗೆ ಒಂದು ಬಗೆಯ ಹೆಮ್ಮೆ. ಆ ಹೆಮ್ಮೆಯೇ ಮುಂದೆ ಅವಳ ಕೊರಳಿಗೆ ಸುತ್ತಿಕೊಂಡಿತು.

ಅವಳ ಮುಖ್ಯ ಕೆಲಸ ಭಾನುವಾರದ ಹಾಳೆ. ಚರ್ಚಿನ ಬಾಗಿಲಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಜನ ಅದರೊಳಗೆ ಹಾಕುತ್ತಿದ್ದರು. ಟಕಟಕಿ ಅವನ್ನು ತೆಗೆದು ನಾಲ್ಕು ತಲೆಬರಹಗಳ ಕೆಳಗೆ ಹಂಚುತ್ತಿದ್ದಳು: ಕಾಯಿಲೆಯಲ್ಲಿರುವವರು, ಪ್ರಯಾಣದಲ್ಲಿರುವವರು, ಬಂಧನದಲ್ಲಿರುವವರು, ತೀರಿಕೊಂಡವರು. ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಯಂತ್ರಕ್ಕೆ ಕೊಟ್ಟು, ಹಿಡಿ ತಿರುಗಿಸಿದರೆ ಮುನ್ನೂರು ಪ್ರತಿ. ಭಾನುವಾರ ಪಾದ್ರಿಗಳು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು.

ಅವಳ ಬಾಲ್ಯದಲ್ಲಿ ಬಂಧನದಲ್ಲಿರುವವರ ಕೆಳಗೆ ಒಂದೋ ಎರಡೋ ಹೆಸರು. ಆಮೇಲೆ ಚಳವಳಿ ಬಂತು. ಹೊರಗಿನವರ ಆಳ್ವಿಕೆ ಬೇಡ, ನಮ್ಮ ನೆಲ ನಮಗಿರಲಿ ಎಂದು ಜನ ಬೀದಿಯಲ್ಲಿ ಸುಮ್ಮನೆ ಕೂರತೊಡಗಿದರು. ಕಲ್ಲಿಲ್ಲ, ಕೋಲಿಲ್ಲ, ಬೈಗುಳವೂ ಇಲ್ಲ. ಕೂತವರನ್ನು ಲಾರಿಗೆ ತುಂಬಿದರು. ಯಾರನ್ನು ಹಿಡಿದರು ಎಂದು ಪತ್ರಿಕೆಗಳು ಬರೆಯುವ ಹಾಗಿಲ್ಲ. ಕೇಳಲು ಹೋದ ಹೆಂಡಂದಿರನ್ನು ಠಾಣೆಯವರು ಗದರಿಸಿ ಕಳಿಸುತ್ತಿದ್ದರು. ಆಗ ಟಕಟಕಿಗೇ ಹೊಳೆದದ್ದು: ಪತ್ರಿಕೆಯ ಬಾಯಿ ಕಟ್ಟಬಹುದು, ಪ್ರಾರ್ಥನೆಯ ಬಾಯಿ ಹೇಗೆ ಕಟ್ಟುತ್ತಾರೆ? ಎರಡು ವಾರದಲ್ಲಿ ಮೂರನೇ ತಲೆಬರಹ ಒಂದು ಪುಟ ತುಂಬಿತು. ಚರ್ಚಿನ ಮುಖ ನೋಡದವರೂ ಹಿಂದಿನ ಬೆಂಚಿನಲ್ಲಿ ಬಂದು ಕೂತು, ತಮ್ಮವರ ಹೆಸರು ಕೇಳಿದೊಡನೆ 'ಬದುಕಿದಾನೆ' ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು.

ಹೀಗೆ ಅವಳು ಚಳವಳಿಗೆ ಸೇರಿದ್ದು. ಭಾಷಣ ಮಾಡಲಿಲ್ಲ, ಬಾವುಟ ಹಿಡಿಯಲಿಲ್ಲ. ಹೆಸರು ಟೈಪ್ ಮಾಡಿದಳು.

ಚಳವಳಿಯ ನಿಯಮ ಮೂರು. ಕೈ ಎತ್ತಬಾರದು, ಓಡಬಾರದು, ಬಚ್ಚಿಡಬಾರದು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಎಲ್ಲಿ ಕೂರುತ್ತೇವೆ, ಎಷ್ಟು ಹೊತ್ತಿಗೆ ಕೂರುತ್ತೇವೆ ಎಂದು ಠಾಣೆಗೆ ಮೊದಲೇ ಕಾಗದ ಹೋಗಬೇಕು. ಭಾನುವಾರದ ಹಾಳೆಯೂ ಹಾಗೆಯೇ. ಠಾಣೆಯವರು ಕೇಳಿರಲಿಲ್ಲ, ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಮೊದಲ ಪ್ರತಿಯನ್ನು ತಾವೇ ಕಳಿಸುತ್ತೇವೆ ಎಂದು ಪಾದ್ರಿಗಳು ಮಾತು ಕೊಟ್ಟಿದ್ದರು. ಇನ್‌ಸ್ಪೆಕ್ಟರ್ ಮೊದಮೊದಲು ನಕ್ಕ. "ನಂಗೂ ಒಂದು ಪ್ರಾರ್ಥನೆ ಸೇರಿಸಿ, ಸೊಂಟ ನೋವು" ಎಂದನಂತೆ. ಟಕಟಕಿ ಕಾಯಿಲೆಯವರ ಕೆಳಗೆ ಅವನ ಹೆಸರನ್ನು ನಿಜವಾಗಿಯೂ ಸೇರಿಸಿದಳು. ಸೇರಿಸಿದ್ದು ನೋಡಿ ಅವನು ನಗುವುದು ಬಿಟ್ಟ.

ಆದರೂ ಕೆಲವು ವಿಷಯ ಹೇಳಲಾಗದು. "ಬಚ್ಚಿಡೋದು ತಪ್ಪು. ಅವರು ಕೇಳದೆ ಇದ್ದಾಗ ನಾವು ಹೇಳದೆ ಇರೋದು ತಪ್ಪಲ್ಲ" ಎಂದು ಹಿರಿಯರು ಕಣ್ಣು ಮಿಟುಕಿಸುತ್ತಿದ್ದರು. ಹಾಗೆ ಹೇಳದೆ ಇಟ್ಟ ವಿಷಯಗಳಲ್ಲಿ ಬಡಗಿಯ ಪ್ರಯಾಣವೂ ಒಂದು. ಚರ್ಚಿನ ಬೆಂಚು ಮಾಡುವ ಬಡಗಿ ನಲವತ್ತು ಸಾವಿರ ಸಹಿಗಳ ಮನವಿಯನ್ನು ಹೊತ್ತು, ಸೋಮವಾರದ ಬೆಳಗಿನ ರೈಲಿನಲ್ಲಿ, ಪರದೇಶದ ಪ್ರತಿನಿಧಿಗಳು ಸೇರುವ ಊರಿಗೆ ಹೋಗುವುದಿತ್ತು. ಸಹಿಯ ಸುರುಳಿಗಳಿಗೆಂದು ಚರ್ಚಿನಲ್ಲಿ ವಾದ್ಯ ನುಡಿಸುವ ಆರ್ಗನ್ ಮಾಸ್ತರು ತಮ್ಮ ಉದ್ದನೆಯ ಚರ್ಮದ ಚೀಲ ಕೊಟ್ಟಿದ್ದರು.

ಶನಿವಾರ ಬೆಳಿಗ್ಗೆ ಬಡಗಿಯ ತಾಯಿ ಕಚೇರಿಗೆ ಬಂದರು. ಊರಿಗೆಲ್ಲ ದೊಡ್ಡಮ್ಮ. ಪೆಟ್ಟಿಗೆಯಲ್ಲಿ ಚೀಟಿ ಹಾಕಲು ಧೈರ್ಯವಿಲ್ಲದೆ ಟಕಟಕಿಯ ಕಿವಿಯಲ್ಲಿ ಹೇಳಿದರು: "ಮಗ ಸೋಮವಾರ ರೈಲು ಹತ್ತತಾನೆ ಕಣಮ್ಮಾ. ಅವನು ನಡೆಯೋದು ಕಲಿತಾಗಿನಿಂದ ಪ್ರಾರ್ಥನೆ ಇಲ್ಲದೆ ಒಂದು ದಾರಿಗೂ ಕಳಿಸಿಲ್ಲ ನಾನು. ಹೇಗಾದ್ರೂ ಒಂದು ಪ್ರಾರ್ಥನೆ ಆಗ್ಲಿ."

ಟಕಟಕಿ ಯೋಚಿಸಲಿಲ್ಲವೆಂದಲ್ಲ. ಕಾಯಿಲೆಯವರ ಕೆಳಗೆ ಬರೆಯಲೇ ಎಂದುಕೊಂಡಳು. ದೇವರ ಮುಂದೆ ಸುಳ್ಳು ಟೈಪ್ ಮಾಡುವುದೇ? ಗಟ್ಟಿಮುಟ್ಟಾದ ಗಂಡಸನ್ನು ಕಾಯಿಲೆಯವನೆಂದರೆ ನಿಜಕ್ಕೂ ಕಾಯಿಲೆ ಬಂದೀತೆಂದೂ ಭಯವಾಯಿತು. ಪ್ರಯಾಣದಲ್ಲಿರುವವರ ಕೆಳಗೆ ಬರೆದಳು. ಹೇಗೂ ಪಾದ್ರಿಗಳು ನೋಡಿ ಸರಿ ಅನ್ನಿಸದಿದ್ದರೆ ಹೊಡೆದುಹಾಕುತ್ತಾರೆ. ಎಂದಿನ ಕ್ರಮ ಅದೇ: ಮೊದಲು ಪಾದ್ರಿಗಳ ಕಣ್ಣು, ಆಮೇಲೆ ಠಾಣೆ.

ಅಂದು ಪಾದ್ರಿಗಳು ಒಬ್ಬರನ್ನು ಮಣ್ಣು ಮಾಡಲು ಹೋಗಿದ್ದರು. ಹತ್ತೂವರೆಯಾಯಿತು, ಹತ್ತೂಮುಕ್ಕಾಲಾಯಿತು, ಬರಲಿಲ್ಲ. ಹನ್ನೊಂದು ಎಂದು ಮಾತು ಕೊಟ್ಟಾಗಿದೆ. ಒಂದು ಸಲವೂ ತಪ್ಪಿಲ್ಲ. ತಪ್ಪಿದರೆ 'ನೋಡಿ, ನಿಮ್ಮ ಸತ್ಯ ಇಷ್ಟೇ' ಎಂದು ಇನ್‌ಸ್ಪೆಕ್ಟರು ಹಲ್ಲು ಕಿರಿಯುವುದಿಲ್ಲವೇ? ಟಕಟಕಿ ಮೊದಲ ಪ್ರತಿಯನ್ನು ಮಡಚಿ, ತಾನೇ ನಡೆದುಹೋಗಿ, ಠಾಣೆಯ ಮೇಜಿನ ಮೇಲೆ ಇಟ್ಟು ಬಂದಳು. ಹನ್ನೊಂದಕ್ಕೆ ಎರಡು ನಿಮಿಷ ಇತ್ತು. ದಾರಿಯುದ್ದಕ್ಕೂ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಸಂಜೆ ಪಾದ್ರಿಗಳು ಹಾಳೆ ನೋಡಿದರು. ಅವರ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

"ಇದು ಠಾಣೆಗೆ ಹೋಯ್ತಾ?"

"ಹೋಯ್ತು ಫಾದರ್. ಸಮಯಕ್ಕೆ ಸರಿಯಾಗಿ ಹೋಯ್ತು."

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೆನ್ಸಿಲ್ ಮೇಲಿನ ಆ ಸಾಲಿಗೆ ಅಂಟು ಬಳಿದು ಮುಚ್ಚಿದರು. ಉಳಿದ ಪ್ರತಿಗಳಲ್ಲಿ ಬಡಗಿಯ ಹೆಸರು ಬರಲಿಲ್ಲ, ಭಾನುವಾರ ಯಾರ ಕಿವಿಗೂ ಬೀಳಲಿಲ್ಲ. ಅವನಿಗೆ ಸುದ್ದಿ ಮುಟ್ಟಿಸೋಣವೆಂದರೆ ಅವನು ಆಗಲೇ ಮನೆ ಬಿಟ್ಟಿದ್ದ. ಯಾರ ಮನೆಯಲ್ಲಿ ಉಳಿದಿದ್ದಾನೆಂದು ತಾಯಿಗೂ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಪ್ಲಾಟ್‌ಫಾರಮ್ಮಿನ ಮೇಲೆ ಆರು ಜನ ಪೊಲೀಸರು ಅವನಿಗಾಗಿ ಕಾದಿದ್ದರು. ಚೀಲ ಹೋಯಿತು, ಸಹಿಗಳು ಹೋದವು. ಅವನಿಗೆ ಒಂಬತ್ತು ವರ್ಷ ಜೈಲಾಯಿತು.

"ಹಾಳೆಯಿಂದಲೇ ಅಂತ ಖಾತ್ರಿ ಇಲ್ಲ. ಖಾತ್ರಿ ಆದ್ರೆ ಸಭೆಗೆ ನಾನೇ ಹೇಳ್ತೀನಿ. ಅಲ್ಲೀವರೆಗೆ ನೀನು ಬಾಯಿ ಬಿಡಬೇಡ ಮಗಳೇ, ಆ ತಾಯಿ ಎದೆ ಒಡ್ಕೋತಾಳೆ" ಎಂದರು ಪಾದ್ರಿಗಳು.

ಒಂದು ತಿಂಗಳಲ್ಲಿ ಖಾತ್ರಿಯಾಯಿತು. ಬಡಗಿಯನ್ನು ಬಿಡಿ ಎಂದು ನೂರಾರು ಜನ ರೈಲು ನಿಲ್ದಾಣದಲ್ಲಿ ಕೂತಾಗ ಟಕಟಕಿಯೂ ಕೂತಳು. ಎಲ್ಲರನ್ನೂ ಠಾಣೆಗೆ ಒಯ್ದರು. ಹೆಸರು ಬರೆಸಲು ಮೇಜಿನ ಮುಂದೆ ನಿಂತಾಗ ತೆರೆದಿದ್ದ ಕಡತದಲ್ಲಿ ಅವಳದೇ ಹಾಳೆ. ಪ್ರಯಾಣದಲ್ಲಿರುವವರ ಕೆಳಗಿನ ಆ ಹೆಸರಿನ ಸುತ್ತ ಕೆಂಪು ಪೆನ್ಸಿಲ್ಲಿನ ಗುಂಡನೆಯ ಗೆರೆ. 'ಡ' ಅಕ್ಷರ ಸ್ವಲ್ಪ ಮೇಲಕ್ಕೆ ಹಾರುವ ತನ್ನ ಯಂತ್ರದ ಗುರುತು ಅವಳಿಗೆ ಸಿಗದಿರುತ್ತದೆಯೇ?

ಅವಳಿಗೆ ಎರಡು ವರ್ಷದ ಶಿಕ್ಷೆಯಾಯಿತು. ಬಸುರಿ ಎಂದು ತಿಳಿದದ್ದು ಜೈಲಿನಲ್ಲಿ. ಪಾದ್ರಿಗಳು ಎದೆ ಹಿಡಿದುಕೊಂಡು ತೀರಿಕೊಂಡರೆಂದು ತಿಳಿದದ್ದೂ ಜೈಲಿನಲ್ಲೇ. ಅವರು ಸಭೆಗೆ ಏನೂ ಹೇಳಿರಲಿಲ್ಲ. ಈಗ ಆ ಮಾತು ಗೊತ್ತಿದ್ದವಳು ಇಡೀ ಊರಿನಲ್ಲಿ ಅವಳೊಬ್ಬಳೇ.

ಏಳನೇ ತಿಂಗಳಿಗೆ ಅವಳನ್ನು ಮನೆಗೆ ಕಳಿಸಿದರು, ಷರತ್ತಿನ ಮೇಲೆ. ಗೇಟು ದಾಟಬಾರದು. ಮನೆಯಲ್ಲಿ ಟೈಪ್‌ರೈಟರ್ ಇರಬಾರದು. ದಿನಾ ಸಂಜೆ ಆರಕ್ಕೆ ಠಾಣೆಯ ಫೋನ್ ಎತ್ತಬೇಕು. ಚಳವಳಿಯವರ ಜೊತೆ ಮಾತಿಲ್ಲ, ಕಾಗದವಿಲ್ಲ, ಫೋನಿಲ್ಲ. ತಪ್ಪಿದರೆ ಉಳಿದ ಶಿಕ್ಷೆ ಜೈಲಿನಲ್ಲಿ. ಆರು ತಿಂಗಳು ದಾಟಿದ ಮಗುವಿಗೆ ಆ ಜೈಲಿನಲ್ಲಿ ಜಾಗವಿಲ್ಲ.

ಮೂರನೇ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ. ಬಾಗಿಲಿನಿಂದ ಗೇಟಿಗೆ ನಲವತ್ತೊಂದು ಮೆಟ್ಟಿಲು. ಕಿಟಕಿಯಿಂದ ಚರ್ಚಿನ ಗೋಪುರದ ತುದಿ ಮಾತ್ರ ಕಾಣುತ್ತಿತ್ತು. ಭಾನುವಾರ ಗಂಟೆಯ ಸದ್ದು ಬರುತ್ತಿತ್ತು, ಅಪ್ಪ ಬರುವಂತಿರಲಿಲ್ಲ. ಅವನೂ ಚಳವಳಿಯವನು. ಮೊಮ್ಮಗು ಹುಟ್ಟಿದ ದಿನ ಹೊತ್ತಲ್ಲದ ಹೊತ್ತಿನಲ್ಲಿ ಮೂರು ಸಲ ಗಂಟೆ ಹೊಡೆದು ಬೈಸಿಕೊಂಡನಂತೆ.

ಹೊರಗೆ ಮೆಟ್ಟಿಲಿನ ತಿರುವಿನಲ್ಲಿ ಸ್ಟೂಲು ಹಾಕಿಕೊಂಡು ಒಬ್ಬ ಹೆಣ್ಣು ಕಾನ್‌ಸ್ಟೇಬಲ್. ಮನೆಯವರು ಅವಳನ್ನು ಮೆಟ್ಟಿಲಕ್ಕ ಎನ್ನುತ್ತಿದ್ದರು. ಯಾರು ಬಂದರು, ಯಾರು ಹೋದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು ಅವಳ ಕೆಲಸ. ಬರೆಯಲು ಏನೂ ಇಲ್ಲದ ದಿನ ಮಗುವಿಗೆ ಟೋಪಿ ಹೆಣೆಯುತ್ತಿದ್ದಳು. ಈಗಾಗಲೇ ಐದು ಟೋಪಿಯಾಗಿದ್ದವು.

ಗಂಡ ಕರೆಂಟ್ ಮೀಟರು ಓದುವವನು. ಎಲ್ಲರ ಮನೆಗೂ ಹೋಗಿಬರುವುದರಿಂದ ಊರಿನ ಸುದ್ದಿಯೆಲ್ಲ ಅವನ ಜೊತೆಗೇ ಬರುತ್ತಿತ್ತು. ಬಡಗಿಯನ್ನು ಹಿಡಿದುಕೊಟ್ಟವರು ಆರ್ಗನ್ ಮಾಸ್ತರು ಎಂದು ಜನ ನಂಬಿದ ಸುದ್ದಿಯನ್ನು ತಂದವನೂ ಅವನೇ. ಚೀಲ ಅವರದು. ಇನ್‌ಸ್ಪೆಕ್ಟರನ ಮಗಳಿಗೆ ಸಂಗೀತ ಹೇಳಿಕೊಡುವವರೂ ಅವರೇ. ಇನ್ನೇನು ಬೇಕು? ದೊಡ್ಡಮ್ಮನೇ ಸಭೆಗೆ ದೂರು ಕೊಟ್ಟಿದ್ದರು. ಅಂದಿನಿಂದ ಮಾಸ್ತರು ಆರ್ಗನ್ ನುಡಿಸಿದರೆ ಯಾರೂ ಹಾಡುತ್ತಿರಲಿಲ್ಲ. ಪುಸ್ತಕ ತೆರೆದು ತುಟಿ ಮುಚ್ಚಿ ನಿಲ್ಲುತ್ತಿದ್ದರು. ಯಾರ ಮೇಲೂ ಕೈ ಎತ್ತದ ಜನ ಬೆನ್ನು ತಿರುಗಿಸುವುದರಲ್ಲಿ ಮಾತ್ರ ಎತ್ತಿದ ಕೈ.

ಟಕಟಕಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ದೊಡ್ಡಮ್ಮನಿಗೆ ಹೇಳಿ ಬಾ ಎಂದು ಕಳಿಸಿದಳು. ಅವನು ಹೋದ, ಬಂದ, ಶೂ ಬಿಚ್ಚುತ್ತ ತಲೆ ಎತ್ತಲಿಲ್ಲ.

"ಮೀಟರು ಓದಿ ಬಂದೆ. ಬಾಯೇ ಬರ್ಲಿಲ್ಲ ಕಣೇ. ಮಗನ ಉಳಿ, ಗರಗಸ ಎಲ್ಲ ಎಣ್ಣೆ ಹಚ್ಚಿ ಸಾಲಾಗಿ ಇಟ್ಟಿದಾರೆ. ಅದನ್ನ ನೋಡ್ಕೊಂಡು ಹೇಗೆ ಹೇಳ್ಲಿ?"

ಹೇಳಿದ್ದರೂ ಪ್ರಯೋಜನವಿರಲಿಲ್ಲ. ತಪ್ಪು ಮಾಡಿದವರು ದೂರು ಕೊಟ್ಟವರಿಗೆ ತಮ್ಮ ಬಾಯಿಂದಲೇ ಒಪ್ಪಿಕೊಳ್ಳಬೇಕು, ಇನ್ನೊಬ್ಬರ ಮೂಲಕ ಬಂದ ಮಾತು ನಡೆಯುವುದಿಲ್ಲ ಎನ್ನುವುದು ಚಳವಳಿಯ ರೂಢಿ. ದೊಡ್ಡಮ್ಮನೂ ಚಳವಳಿಯವರು. ಅವರಿಗೆ ಒಂದು ಫೋನ್ ಮಾಡಿದರೆ ಷರತ್ತು ಮುರಿದಂತೆ. ಆರ್ಗನ್ ಮಾಸ್ತರನ್ನು ಎಲ್ಲರೂ ಹೊರಗಿಟ್ಟಿದ್ದರಿಂದ, ಷರತ್ತಿನ ಪ್ರಕಾರ ಅವಳು ನಿಶ್ಚಿಂತೆಯಿಂದ ಮಾತಾಡಬಹುದಾಗಿದ್ದದ್ದು ಅವರೊಬ್ಬರ ಜೊತೆ. ಆದರೆ ಅವರಿಗೆ ಹೇಳಿ ಏನಾಗಬೇಕು? ತಾವು ಮಾಡಿಲ್ಲವೆಂದು ಅವರಿಗೆ ಗೊತ್ತೇ ಇತ್ತಲ್ಲ.

ಹೀಗೆ ತಿಂಗಳುಗಳು ಹೋದವು. ಬಾಣಂತಿ ಎಂದಳು, ಮಗುವಿಗೆ ನೆಗಡಿ ಎಂದಳು, ಹಲ್ಲು ಬರುತ್ತಿದೆ ಎಂದಳು. ಮಾಡಿದ್ದು ತಾನು, ಅನುಭವಿಸುತ್ತಿರುವುದು ಅವರು ಎಂಬ ಮಾತು ಮಾತ್ರ ಅವಳನ್ನು ಬಿಡಲಿಲ್ಲ. ಕಳೆದ ವಾರ, ಯಾಕೆಂದು ಯಾರಿಗೂ ಹೇಳದೆ, ಬಾಟಲಿ ತರಿಸಿದಳು. ಈ ಶುಕ್ರವಾರ ಗಂಡ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಹೇಳಿದ:

"ಭಾನುವಾರ ಸಭೆಯಂತೆ. ಮಾಸ್ತರ ಹತ್ರ ಆರ್ಗನ್ ಬೀಗದಕೈ ವಾಪಸ್ ಇಸ್ಕೋತಾರಂತೆ. ಚರ್ಚಿನ ಪಟ್ಟಿಯಿಂದ ಹೆಸರೂ ತೆಗೀತಾರಂತೆ."

"ಅವರನ್ನ ನೋಡಿದ್ಯಾ?"

"ಮೀಟರು ನೋಡ್ದೆ. ಇಡೀ ತಿಂಗಳಿಗೆ ಒಂದೇ ಯೂನಿಟ್ ತಿರುಗಿದೆ. ಗಂಡ ಹೆಂಡತಿ ಕತ್ತಲಲ್ಲಿ ಕೂತಿರ್ತಾರೆ. 'ಮನೇಲಿ ಯಾರಿದಾರೆ ಅಂತ ಬೀದಿಯವರಿಗೆ ಯಾಕೆ ಗೊತ್ತಾಗ್ಬೇಕು' ಅಂದ್ರು ಮಾಸ್ತರು. ಊಟಾನೂ ಸರಿಯಾಗಿ ಮಾಡ್ತಿಲ್ಲ ಅಂತ ಅವರ ಹೆಂಡತಿ ಕಣ್ಣೀರು ಹಾಕಿದ್ರು."

ಅವನು ಅವಳ ಮುಖ ನೋಡಿ ಗಾಬರಿಯಾದ. "ಬೇಡ. ನೀನೇನು ಯೋಚಿಸ್ತಿದೀಯ ಗೊತ್ತು ನಂಗೆ. ಇನ್ನು ಎಂಟೇ ತಿಂಗಳು. ಆಮೇಲೆ ಊರ ಮಧ್ಯ ನಿಂತು ಕೂಗಿ ಹೇಳು, ನಾನೂ ಪಕ್ಕದಲ್ಲಿ ನಿಲ್ತೀನಿ."

"ಎಂಟು ತಿಂಗಳು ಆದ್ಮೇಲೆ ಕೇಳೋಕೆ ಮಾಸ್ತರು ಇರ್ತಾರಾ?"

ಅವನು ತಟ್ಟೆ ಬಿಟ್ಟು ಎದ್ದ. ಕೈ ತೊಳೆದುಕೊಂಡ.

ಶನಿವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಟಕಟಕಿ ಹಾಲು ಬೆಚ್ಚಗೆ ಮಾಡಿ ಬಾಟಲಿಗೆ ತುಂಬಿದಳು. ಮಗು ಮುಖ ತಿರುಗಿಸಿತು. ಅವಳ ಕಣ್ಣಲ್ಲಿ ನೀರು ಬಂತು. "ಕುಡಿಯೋ ಪುಟ್ಟಾ, ನಿನ್ನ ದಮ್ಮಯ್ಯ."

ಅತ್ತೆ ಬಾಟಲಿ ಕಸಿದುಕೊಂಡರು. "ನೀನು ಎದುರಿಗಿದ್ರೆ ಅದು ಯಾಕೆ ಹಿಡಿಯುತ್ತೆ? ನಿನ್ನ ವಾಸನೆ ಬರುತ್ತೆ ಅದಕ್ಕೆ. ಆಚೆ ಹೋಗು. ಬಾಗಿಲು ಮುಚ್ಕೋ."

ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅವಳು ಸಂದಿಯಿಂದ ನೋಡಿದಳು. ಮಗು ಅತ್ತಿತು. ಅತ್ತಿತ್ತ ನೋಡಿತು. ಅತ್ತೆ ಏನೋ ಗುನುಗಿದರು. ಮತ್ತೆ ಅತ್ತಿತು, ಬಿಕ್ಕಿತು, ಆಮೇಲೆ ಬಾಯಿ ತೆರೆಯಿತು. ಬಾಟಲಿಯೊಳಗೆ ಒಂದು ಗುಳ್ಳೆ ಮೇಲೆದ್ದಿತು. ಇನ್ನೊಂದು. ಹಾಲಿನ ಗೆರೆ ಒಂದು ಬೆರಳು ಇಳಿಯಿತು, ಎರಡು ಬೆರಳು ಇಳಿಯಿತು. ಒಂದು ವಾರದಿಂದ ಇದೇ ಆಗಲೆಂದು ಬೇಡಿದವಳಿಗೆ, ಈಗ ಓಡಿಹೋಗಿ ಮಗುವನ್ನು ಕಸಿದುಕೊಳ್ಳಬೇಕು ಅನ್ನಿಸಿತು. ಅಂಗಿಯ ಮುಂಭಾಗ ಒದ್ದೆಯಾಯಿತು.

ಅವಳು ಹೊರಗೆ ಬಂದು ಫೋನಿನ ಕಡೆ ನೋಡಿದಳು. ಅತ್ತೆ ಅವಳ ಕಡೆ ನೋಡಿದರು. ಅಭ್ಯಾಸ ಯಾತಕ್ಕೆ ಎನ್ನುವುದು ಆಗ ಅವರಿಗೆ ಅರ್ಥವಾಯಿತು.

"ಹುಚ್ಚಾ ನಿಂಗೆ?" ಎಂದು ಪಿಸುಗುಟ್ಟಿದರು. "ಇದು ನಿನ್ನ ಮುಖಾನೇ ಮರೆತುಬಿಡುತ್ತೆ ಕಣೇ."

"ಮರೀಬಹುದು ಅತ್ತೆ. ನಾನು ಮತ್ತೆ ಪರಿಚಯ ಮಾಡ್ಕೋತೀನಿ. ಇವತ್ತು ಬಿಟ್ರೆ ಮಾಸ್ತರು ಸಿಗಲ್ಲ."

ಅತ್ತೆ, ಮಗುವಿನ ಹೊಟ್ಟೆಗೆ ಗಾಳಿ ಹೋಗದಂತೆ, ಬಾಟಲಿಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದರು.

ಟಕಟಕಿ ಮುಂಬಾಗಿಲು ತೆರೆದಳು. ಮೆಟ್ಟಿಲಕ್ಕ ಆರನೇ ಟೋಪಿಯಲ್ಲಿದ್ದಳು.

"ಅಕ್ಕಾ, ನಾನೀಗ ಷರತ್ತು ಮುರೀತಿದೀನಿ. ಬಡಗಿ ತಾಯಿಗೆ ಫೋನ್ ಮಾಡ್ತೀನಿ. ಮೊದಲೇ ಹೇಳ್ಬೇಕು ಅನ್ನೋದು ನಮ್ಮ ನಿಯಮ."

ಮೆಟ್ಟಿಲಕ್ಕನ ಕಡ್ಡಿ ನಿಂತಿತು. "ನಂಗೆ ಯಾಕಮ್ಮಾ ಹೇಳ್ತೀಯ? ನಾನು ಮೆಟ್ಟಿಲು ಕಾಯೋಳು. ಫೋನ್ ಕದ್ದು ಕೇಳೋರು ಬೇರೆ ಇದಾರೆ. ಅವರು ಒಂದೊಂದ್ಸಲ ನಿದ್ದೆ ಮಾಡ್ತಿರ್ತಾರೆ."

"ನೀವು ಬರ್ಕೊಳ್ಳಿ ಅಕ್ಕಾ. ಇಲ್ಲಾಂದ್ರೆ ನಾಳೆ ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ."

"ಪೆನ್ನಲ್ಲಿ ಇಂಕಿಲ್ಲ."

ಟಕಟಕಿ ಒಳಗೆ ಹೋಗಿ ಗಂಡನ ಪೆನ್ನು ತಂದುಕೊಟ್ಟಳು. ಮೆಟ್ಟಿಲಕ್ಕ ಅದನ್ನು ಎಷ್ಟೋ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದಳು. "ಮೊಂಡು ಬಿದ್ದವಳು ನೀನು" ಎಂದು ಗೊಣಗಿ, ನೋಟ್‌ಬುಕ್ ತೆರೆದು, "ಗಂಟೆ ಎಷ್ಟು?" ಎಂದಳು.

"ಹನ್ನೊಂದಕ್ಕೆ ಎರಡು ನಿಮಿಷ ಇದೆ."

ಆ ನಂಬರು ಅವಳಿಗೆ ಬಾಯಿಪಾಠ. ಚರ್ಚಿಗೆ ಬೆಂಚು, ಶವಪೆಟ್ಟಿಗೆ ಬೇಕಾದಾಗಲೆಲ್ಲ ತಿರುಗಿಸುತ್ತಿದ್ದ ನಂಬರೇ. ಬೆರಳು ತಾನಾಗಿ ತಿರುಗಿಸಿತು. ಬಡಗಿಯ ಮುಚ್ಚಿದ ಕಾರ್ಖಾನೆಯೊಳಗೆ ಗಂಟೆ ಬಾರಿಸಿತು. ಆರು ಸಲ, ಏಳು ಸಲ. ಯಾರೂ ಎತ್ತದಿರಲಿ ಎಂದು ಒಂದು ಕ್ಷಣ ಆಸೆಪಟ್ಟಳು. ಎತ್ತಿದರು. ಅದರ ಜೊತೆಗೇ, ಎಲ್ಲೋ ನಡುವೆ, ಇನ್ನೊಬ್ಬರು ಎತ್ತಿದ ಸಣ್ಣ ಕ್ಲಿಕ್.

"ಯಾರು?" ಗಿರಾಕಿಗಳಿಗೆ ಹೇಳಿ ಹೇಳಿ ಸವೆದ ದನಿ. "ಈಗ ಕೆಲಸ ಹಿಡಿಯಲ್ಲಪ್ಪಾ. ಬಡಗಿ ಊರಲ್ಲಿಲ್ಲ, ಪ್ರಯಾಣದಲ್ಲಿದಾನೆ."

ಟಕಟಕಿ ಗೋಡೆಗೆ ಒರಗಿದಳು. ಆ ಕಡೆ ಕೋಣೆಯಲ್ಲಿ ಮಗು ಗುಟುಕರಿಸುವ ಸದ್ದು ಕೇಳುತ್ತಿತ್ತು.

"ದೊಡ್ಡಮ್ಮಾ, ನಾನು ಟಕಟಕಿ. ಫೋನ್ ಇಡಬೇಡಿ. ಮಾಸ್ತರು ಏನೂ ಮಾಡಿಲ್ಲ. ಆ ಶನಿವಾರ ನೀವು ಬಂದು ಕೇಳಿದ್ರಲ್ಲ, ನಾನು ಅದನ್ನ ಹಾಳೆಗೆ ಟೈಪ್ ಮಾಡ್ದೆ. ಪಾದ್ರಿಗಳಿಗೆ ತೋರಿಸೋ ಮುಂಚೆ ಠಾಣೆಗೆ ಕೊಟ್ಟುಬಂದೆ. ಹನ್ನೊಂದು ಗಂಟೆ ತಪ್ಪಬಾರದು ಅಂತ. ಅವರು ಅದನ್ನ ನೋಡಿ ಹಿಡಿದ್ರು. ಕೆಂಪು ಗೆರೆ ನನ್ನ ಕಣ್ಣಾರೆ ನೋಡಿದೀನಿ. ನೀವು ಕೇಳಿದ್ದು ಬರೀ ಪ್ರಾರ್ಥನೆ ದೊಡ್ಡಮ್ಮಾ. ಬರೆದವಳು ನಾನು, ಕೊಟ್ಟವಳು ನಾನು."

ಆ ತುದಿಯಲ್ಲಿ ಕುರ್ಚಿ ಎಳೆದ ಸದ್ದು, ಯಾರೋ ಮೆಲ್ಲಗೆ ಕೂತ ಸದ್ದು.

"ಮೊದಲಿಂದ ಹೇಳು" ಎಂದರು ದೊಡ್ಡಮ್ಮ. "ನಿಧಾನವಾಗಿ ಹೇಳು. ನಾಳೆ ನಾನು ಸಭೆಯಲ್ಲಿ ಹೇಳ್ಬೇಕು."

ಟಕಟಕಿ ಮೊದಲಿನಿಂದ ಹೇಳತೊಡಗಿದಳು.